ಟ್ರಂಕಿನಲ್ಲಿದ್ದ ವಚನಗಾಯನ ಪಡಸಾಲೆಗೆ ಬಂದ ಬಗೆ

ಬೆಳಗಿನ ಲಿಂಗಪೂಜೆಯ ಹೊತ್ತಿಗೆ ಮನೆಯಲ್ಲಿ ವಚನದ ಧ್ವನಿ ಕೇಳಿಬರುವುದು ನಮ್ಮ ಮನೆತನಗಳ ಹಳೆಯ ರೂಢಿ. ಹಿಂದೆ ಪೂಜೆಗೆ ಕುಳಿತವರೇ ಹಾಡಿಕೊಳ್ಳುತ್ತಿದ್ದರು. ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರು ಹಾಡುತ್ತಿದ್ದರು. ಅನಂತರ ರೇಡಿಯೋ ಬಂದಿತು, ಅದರ ಹಿಂದೆ ಟೇಪ್ ರೆಕಾರ್ಡರ್ ಬಂದಿತು. ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲ್ ಇದೆ. ಬೇಕಾದ ಹಾಡು ಬೇಕೆಂದಾಗ ದೊರೆಯುತ್ತದೆ. ಆದರೆ ತಂದೆಯ ಕಿವಿಯಲ್ಲಿ ಒಂದು ಹಾಡು, ಮಗನ ಕಿವಿಯಲ್ಲಿ ಇನ್ನೊಂದು ಹಾಡು ಎಂಬಂತಾಗಿ, ಮನೆಮಂದಿ ಕೂಡಿ ಕೇಳುವ ಅಭ್ಯಾಸವೇ ತಪ್ಪಿಹೋಗುತ್ತಿದೆ. ಇದರ ಜೊತೆಗೆ ಇನ್ನೊಂದು ನಷ್ಟವೂ ಸದ್ದಿಲ್ಲದೆ ನಡೆದಿದೆ. ಮನೆಮನೆಯ ಟ್ರಂಕುಗಳಲ್ಲಿ, ಅಟ್ಟಗಳ ಮೇಲೆ ಬಿದ್ದಿರುವ ಹಳೆಯ ಕ್ಯಾಸೆಟ್ಟುಗಳಲ್ಲಿ ನಮ್ಮವರ ಧ್ವನಿಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿವೆ.

ಈ ಎರಡೂ ಕೊರತೆಗಳನ್ನು ಒಂದೇ ಕೆಲಸದಿಂದ ತುಂಬಿಕೊಳ್ಳಬಹುದೆಂಬುದು ಇತ್ತೀಚೆಗೆ ನಮ್ಮ ಮನೆಯಲ್ಲಿ ಅನುಭವಕ್ಕೆ ಬಂದಿತು. ಹಳೆಯ ಧ್ವನಿಯನ್ನು ಗಣಕಯಂತ್ರಕ್ಕೆ ಇಳಿಸುವುದು, ಆ ಗಣಕಯಂತ್ರವನ್ನು ಪಡಸಾಲೆಯ ಸಂಗೀತ ಯಂತ್ರಕ್ಕೆ ಜೋಡಿಸುವುದು, ಇಷ್ಟೇ ಆ ಕೆಲಸ. ಇದರಲ್ಲಿ ನಾವು ಮಾಡಿದ ತಪ್ಪುಗಳು ಅನೇಕ. ಅವು ಓದುಗ ಬಂಧುಗಳ ಮನೆಯಲ್ಲಿ ಮರುಕಳಿಸಬಾರದೆಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ಮುದನಾಳದ ಒಂದು ಟ್ರಂಕು

ಯಾದಗಿರಿ ಪಟ್ಟಣದ ಸಮೀಪದ ಮುದನಾಳ ನಮ್ಮ ಊರು. ಹೊರಗಿನವರು ಇದನ್ನು ಸುರಪುರ ಸೀಮೆಯ ಮುದನೂರೆಂದು ಭಾವಿಸುವುದುಂಟು. ಮುದನೂರು ಆದ್ಯ ವಚನಕಾರರಾದ ದೇವರ ದಾಸಿಮಯ್ಯನವರ ಜನ್ಮಸ್ಥಳ. ನಮ್ಮದು ಬೇರೆ ಊರು. ಆದರೂ ವಚನವೆಂದರೆ ಈ ಇಡೀ ಸೀಮೆಗೆ ಮನೆಯ ಮಾತೇ. ಶ್ರಾವಣ ಮಾಸ ಬಂದರೆ ಸಂಜೆಯ ಪುರಾಣ, ಹಾರ್ಮೋನಿಯಂ, ತಬಲಾ, ಅದರ ನಡುನಡುವೆ ವಚನಗಾಯನ, ಇವನ್ನು ಕೇಳಿಯೇ ನಾವು ಬೆಳೆದವರು.

ನಮ್ಮ ತಂದೆಯವರು 1980ರ ದಶಕದಲ್ಲಿ ಒಂದು ಟೇಪ್ ರೆಕಾರ್ಡರ್ ಕೊಂಡಿದ್ದರು. ಪುರಾಣಕ್ಕೆ ಹೋಗುವಾಗ ಅದನ್ನು ಚೀಲದಲ್ಲಿಟ್ಟುಕೊಂಡು ಹೋಗುವುದು ಅವರ ಪದ್ಧತಿ. ಹೀಗೆ ಕೂಡಿದ 42 ಕ್ಯಾಸೆಟ್ಟುಗಳು ಒಂದು ಟ್ರಂಕಿನಲ್ಲಿದ್ದವು. ಅವುಗಳಲ್ಲಿ ಹತ್ತು ಹನ್ನೆರಡು ಅಂಗಡಿಯಿಂದ ತಂದವು. ಉಳಿದವೆಲ್ಲ ಮನೆಯಲ್ಲಿ, ಊರಲ್ಲಿ ತುಂಬಿಕೊಂಡವು. 1988ರ ಶ್ರಾವಣದ ಒಂದು ಮುಂಜಾನೆ ನಮ್ಮ ಅವ್ವ ಬೀಸುತ್ತ ಹಾಡಿದ ವಚನಗಳನ್ನು ತಂದೆಯವರು ಅವಳಿಗೆ ತಿಳಿಯದಂತೆ ಬಾಗಿಲ ಮರೆಯಲ್ಲಿ ಟೇಪ್ ಇಟ್ಟು ತುಂಬಿಕೊಂಡಿದ್ದರು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಮಠದಲ್ಲಿ ಕೇಳಿದ್ದು, ರೇಡಿಯೋದಲ್ಲಿ ಕೇಳಿದ್ದು, ತನ್ನ ತವರಿನಲ್ಲಿ ಕಲಿತದ್ದು, ಇಷ್ಟೇ ಅವಳ ವಿದ್ಯೆ. ಅವಳು ಲಿಂಗೈಕ್ಯಳಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸಂದಿದೆ. ಅವಳ ಧ್ವನಿ ಈ ಒಂದು ಕ್ಯಾಸೆಟ್ಟನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ.

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ ಬಸವ ಜಯಂತಿಗೆ ಬಂದಾಗ ಮನೆಗೆಂದು ಒಂದು ಆಂಪ್ಲಿಫಯರ್, ಎರಡು ಸ್ಪೀಕರ್, ಒಂದು ಸ್ಟ್ರೀಮರ್ ತಂದುಕೊಟ್ಟ. ಸ್ಟ್ರೀಮರ್ ಎಂದರೆ ಗಣಕಯಂತ್ರದಲ್ಲಿಯೋ ಅಂತರಜಾಲದಲ್ಲಿಯೋ ಇರುವ ಹಾಡನ್ನು ತಂತಿಯ ಮೂಲಕ ಅಥವಾ ವೈಫೈ ಮೂಲಕ ಪಡೆದು ಆಂಪ್ಲಿಫಯರಿಗೆ ಒಪ್ಪಿಸುವ ಒಂದು ಚಿಕ್ಕ ಪೆಟ್ಟಿಗೆ. ಅದನ್ನು ಇಡಲು ಜಾಗ ಮಾಡುವಾಗ ಮೊಮ್ಮಗ ಟ್ರಂಕನ್ನು ತೆರೆದು ನೋಡಿ, “ಮುತ್ಯಾ, ಇವೆಲ್ಲಾ ಈಗ ಮೊಬೈಲಿನ್ಯಾಗ ಸಿಗ್ತಾವ. ಟ್ರಂಕ್ ಖಾಲಿ ಮಾಡೂನಲ್ಲ?” ಎಂದ. “ಮನ್ಸೂರರು ಸಿಗ್ತಾರಪ್ಪಾ. ನಮ್ಮ ಅವ್ವ ಸಿಗ್ತಾಳೇನು?” ಎಂದೆ. ಅವನು ಸುಮ್ಮನಾದ. ಮರುದಿನದಿಂದ ಕೆಲಸಕ್ಕೆ ಕೈಹಚ್ಚಿದವನೂ ಅವನೇ.

ಧ್ವನಿಯ ಪರಂಪರೆ

ಅಂಗಡಿಯಿಂದ ತಂದ ಕ್ಯಾಸೆಟ್ಟುಗಳ ಹಿಂದೆಯೂ ಒಂದು ದೊಡ್ಡ ಪರಂಪರೆಯಿದೆಯೆಂಬುದನ್ನು ಮಕ್ಕಳಿಗೆ ತಿಳಿಸಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು (1892–1944) ತಾವು ಅಂಧರಾಗಿದ್ದೂ ಅಂಧ ಹಾಗೂ ಬಡ ಮಕ್ಕಳಿಗೆ ಸಂಗೀತವಿದ್ಯೆಯನ್ನು ಧಾರೆಯೆರೆದವರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಆ ಕಾಯಕವನ್ನು ಮುಂದುವರಿಸಿದರು. ಬಸವರಾಜ ರಾಜಗುರುಗಳೂ ಪಂಚಾಕ್ಷರಿ ಗವಾಯಿಗಳ ಶಿಷ್ಯರೇ. ಧಾರವಾಡದ ಹತ್ತಿರದ ಮನ್ಸೂರಿನಲ್ಲಿ 1910ರಲ್ಲಿ ಜನಿಸಿ 1992ರಲ್ಲಿ ಲಿಂಗೈಕ್ಯರಾದ ಮಲ್ಲಿಕಾರ್ಜುನ ಮನ್ಸೂರರು ಜೈಪುರ ಅತ್ರೌಲಿ ಘರಾಣೆಯ ಗಾಂಭೀರ್ಯವನ್ನು ವಚನಗಾಯನಕ್ಕೆ ತಂದರು. ನಮ್ಮ ನೆರೆಯ ರಾಯಚೂರು ನೆಲದ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವನ್ನು ಈ ಭಾಗದ ಹಿರಿಯರು ಇಂದಿಗೂ ನೆನೆಯುತ್ತಾರೆ.

ಈ ಧ್ವನಿಗಳನ್ನು ಹಳ್ಳಿಯ ಮನೆಗಳಿಗೆ ಮುಟ್ಟಿಸಿದ ಕೀರ್ತಿ ಬಹುಮಟ್ಟಿಗೆ ಆಕಾಶವಾಣಿಗೆ ಸಲ್ಲತಕ್ಕದ್ದು. ಧಾರವಾಡ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. ಕಲಬುರ್ಗಿ ಕೇಂದ್ರ 1966ರಲ್ಲಿ ಬಂದಿತು. ಫಿಲಿಪ್ಸ್ ಕಂಪನಿಯು 1963ರಲ್ಲಿ ಹೊರತಂದ ಕ್ಯಾಸೆಟ್ಟು ನಮ್ಮ ನಾಡಿನ ಮನೆಗಳಿಗೆ ತಲುಪಿದ್ದು ಹೆಚ್ಚಾಗಿ 1980ರ ದಶಕದಲ್ಲಿ. ರೇಡಿಯೋ ಕೇಳುವ ಯಂತ್ರ. ಟೇಪ್ ರೆಕಾರ್ಡರ್ ಕೇಳುವುದರ ಜೊತೆಗೆ ಬರೆದುಕೊಳ್ಳುವ ಯಂತ್ರ. ಅದರಿಂದಾಗಿ ಮೊದಲ ಸಲ ಹಳ್ಳಿಯ ಸಾಮಾನ್ಯ ಮನೆಯ ಧ್ವನಿಯೂ ಉಳಿಯುವಂತಾಯಿತು. ಮನ್ಸೂರರ ಧ್ವನಿಯನ್ನು ಕಾಪಾಡಲು ಆಕಾಶವಾಣಿ ಇದೆ, ಕಂಪನಿಗಳಿವೆ. ನಮ್ಮ ನಿಮ್ಮ ತಾಯಂದಿರ ಧ್ವನಿಯನ್ನು ಕಾಪಾಡಲು ನಾವಲ್ಲದೆ ಬೇರೆ ಯಾರೂ ಇಲ್ಲ.

ಕ್ಯಾಸೆಟ್ಟು ಏಕೆ ಕೆಡುತ್ತದೆ?

ಕ್ಯಾಸೆಟ್ಟಿನ ಒಳಗಿರುವುದು 4 ಮಿಲಿಮೀಟರಿಗಿಂತ ಕಡಿಮೆ ಅಗಲದ ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿಯನ್ನು ಅಂಟಿನಿಂದ ಲೇಪಿಸಿರುತ್ತಾರೆ. ಧ್ವನಿಯು ಆ ಪುಡಿಯಲ್ಲಿ ಕಾಂತಶಕ್ತಿಯ ಏರಿಳಿತವಾಗಿ ಬರೆಯಲ್ಪಡುತ್ತದೆ. ಕಾಲ ಸಂದಂತೆ ಅಂಟು ಸಡಿಲವಾಗಿ ಪುಡಿ ಉದುರುತ್ತದೆ. ತೇವವಿದ್ದರೆ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಪಟ್ಟಿ ಸೆಟೆಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಭಾಗದ ತಗಡಿನ ಮಾಳಿಗೆಯ ಕೆಳಗೆ, ಕಬ್ಬಿಣದ ಟ್ರಂಕಿನೊಳಗೆ ಇಟ್ಟ ಕ್ಯಾಸೆಟ್ಟಿನ ಗತಿ ಏನೆಂದು ಹೇಳಬೇಕಾಗಿಲ್ಲ.

ಆದರೆ ಬಿಸಿಲಿಗಿಂತ ದೊಡ್ಡ ಶತ್ರು ನಮ್ಮ ಅಲಕ್ಷ್ಯ. ಅವ್ವನ ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ನಮ್ಮ ತಂದೆಯವರು ಪುರಾಣವನ್ನು ಓದಿ ಅರ್ಥ ಹೇಳಿದ್ದು ಪೂರ್ಣ ಅರ್ಧ ಗಂಟೆ ಇತ್ತು. 1994ರಲ್ಲಿ ಖಾಲಿ ಕ್ಯಾಸೆಟ್ಟು ಕೈಗೆ ಸಿಗದೆ ಅದರ ಮೇಲೆ ಸಿನಿಮಾ ಹಾಡುಗಳನ್ನು ತುಂಬಿದವನು ನಾನೇ. ಕೊನೆಯಲ್ಲಿ ಹಾಡು ಮುಗಿದ ಮೇಲೆ ತಂದೆಯವರ ಧ್ವನಿ ನಾಲ್ಕು ನಿಮಿಷ ಮಾತ್ರ ಉಳಿದಿದೆ. ಈ ತಪ್ಪಿಗೆ ಯಾವ ಯಂತ್ರದಿಂದಲೂ ಪರಿಹಾರವಿಲ್ಲ.

ಮೊದಲ ಹೆಜ್ಜೆ: ಟೇಪಿನಿಂದ ಗಣಕಯಂತ್ರಕ್ಕೆ

ಕೆಲಸಕ್ಕೆ ಬೇಕಾದವು: ಸರಿಯಾಗಿ ತಿರುಗುವ ಒಂದು ಟೇಪ್ ರೆಕಾರ್ಡರ್, ಒಂದು ಗಣಕಯಂತ್ರ, ಎರಡನ್ನೂ ಕೂಡಿಸುವ ಒಂದು ತಂತಿ. ಕ್ಯಾಸೆಟ್ಟು ಹಾಕುವ ಮೊದಲು ಟೇಪಿನ ಹೆಡ್ಡನ್ನೂ ರಬ್ಬರ್ ಉರುಳೆಯನ್ನೂ ಒರೆಸಿಕೊಳ್ಳಬೇಕು. ಹೆಡ್ಡಿಗೆ ಔಷಧದ ಅಂಗಡಿಯಲ್ಲಿ ದೊರೆಯುವ ಐಸೋಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಗೆ ಹಚ್ಚಿ ಒರೆಸಿದರೆ ಸಾಕು. ಒಣಗಿದ ಮೇಲೆ ಬಳಸಬೇಕು. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಪಟ್ಟಿಯನ್ನು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಓಡಿಸಿ ಸಡಿಲಿಸಿಕೊಳ್ಳಬೇಕು. ಬೂಷ್ಟು ಕಂಡ ಕ್ಯಾಸೆಟ್ಟನ್ನು ಹಾಗೆಯೇ ಹಾಕಬಾರದು. ಅದು ಹೆಡ್ಡಿಗೂ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ.

ನಮ್ಮ ಮೊದಲ ತಪ್ಪು ಇಲ್ಲಿಯೇ ಆಯಿತು. ಮೊಮ್ಮಗ ಟೇಪಿನ ತಂತಿಯನ್ನು ಗಣಕಯಂತ್ರದ ಮೈಕಿನ ತೂತಿಗೆ ಚುಚ್ಚಿದ. ಧ್ವನಿ ಒಡೆದು, ಕೊಡದೊಳಗೆ ಕೂಗಿದಂತೆ ಕೇಳಿಸಿತು. ಮೈಕಿನಿಂದ ಬರುವ ವಿದ್ಯುತ್ತು ಬಹಳ ಅಲ್ಪವಾದುದರಿಂದ ಆ ತೂತು ಬಂದುದನ್ನು ಹತ್ತಾರು ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಟೇಪಿನಿಂದ ಬರುವುದು ಅದಕ್ಕಿಂತ ಎಷ್ಟೋ ಬಲವಾದುದು. ಮೇಜಿನ ಮೇಲಿಡುವ ಗಣಕಯಂತ್ರದ ಹಿಂಬದಿಯಲ್ಲಿ ಸಾಮಾನ್ಯವಾಗಿ ಮೂರು ಬಣ್ಣದ ತೂತುಗಳಿರುತ್ತವೆ. ಗುಲಾಬಿ ಬಣ್ಣದ್ದು ಮೈಕಿಗೆ, ಹಸಿರು ಸ್ಪೀಕರಿಗೆ, ತಿಳಿನೀಲಿ ಹೊರಗಿನ ಯಂತ್ರದ ಧ್ವನಿಯನ್ನು ಒಳಗೆ ತೆಗೆದುಕೊಳ್ಳುವುದಕ್ಕೆ. ಟೇಪಿನ ತಂತಿ ಈ ನೀಲಿ ತೂತಿಗೆ ಹೋಗಬೇಕು. ಲ್ಯಾಪ್‌ಟಾಪಿನಲ್ಲಿ ಇಂಥ ತೂತು ಸಾಮಾನ್ಯವಾಗಿ ಇರುವುದಿಲ್ಲ, ಅದಕ್ಕೆ ಯು.ಎಸ್.ಬಿ.ಗೆ ಜೋಡಿಸುವ, ಲೈನ್ ಇನ್ ಇರುವ ಒಂದು ಚಿಕ್ಕ ಧ್ವನಿ ಸಾಧನವನ್ನು ಕೊಳ್ಳಬೇಕಾಗುತ್ತದೆ.

ಟೇಪಿನಲ್ಲಿ ಲೈನ್ ಔಟ್ ಇದ್ದರೆ ಅದು ಉತ್ತಮ. ಇಲ್ಲದಿದ್ದರೆ ಹೆಡ್‌ಫೋನ್ ತೂತನ್ನು ಬಳಸಿ ಧ್ವನಿಯನ್ನು ಮಧ್ಯಮದಲ್ಲಿಡಬೇಕು. ಆದರೆ ಆಂಪ್ಲಿಫಯರಿನಿಂದ ಸ್ಪೀಕರಿಗೆ ಹೋಗುವ ತಂತಿಯನ್ನು ಎಂದಿಗೂ ಗಣಕಯಂತ್ರಕ್ಕೆ ಜೋಡಿಸಬಾರದು, ಯಂತ್ರ ಸುಟ್ಟೀತು. ಧ್ವನಿ ತುಂಬಿಕೊಳ್ಳಲು ಅಡಾಸಿಟಿ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದು 2000ದಿಂದಲೂ ಬಳಕೆಯಲ್ಲಿದೆ. ಅದರ ಪರದೆಯ ಮೇಲೆ ಧ್ವನಿಯ ಮಟ್ಟ ಕಾಣಿಸುತ್ತದೆ. ಅತಿ ಗಟ್ಟಿಯಾದ ಜಾಗದಲ್ಲಿಯೂ ಅದು ಸೊನ್ನೆಯನ್ನು ಮುಟ್ಟದೆ, ಸುಮಾರು 6 ಡೆಸಿಬಲ್ ಕೆಳಗೇ ಇರುವಂತೆ ನೋಡಿಕೊಳ್ಳಬೇಕು. ಮೆಲ್ಲಗೆ ತುಂಬಿದ ಧ್ವನಿಯನ್ನು ಆಮೇಲೆ ಹೆಚ್ಚಿಸಬಹುದು. ಒಡೆದ ಧ್ವನಿಯನ್ನು ಕೂಡಿಸಲಾಗದು.

ಇದು ಅವಸರದ ಕೆಲಸವಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಬೇಕು. ದಿನಕ್ಕೊಂದರಂತೆ ನಮ್ಮ 42 ಕ್ಯಾಸೆಟ್ಟುಗಳಿಗೆ ಒಂದೂವರೆ ತಿಂಗಳು ಹಿಡಿಯಿತು. ನಡುವೆ ವಿದ್ಯುತ್ತು ಹೋದರೆ ಮತ್ತೆ ಮೊದಲಿನಿಂದ. ಆದಕಾರಣ ಇನ್ವರ್ಟರ್ ಇದ್ದವರು ಟೇಪನ್ನೂ ಗಣಕಯಂತ್ರವನ್ನೂ ಅದರ ಮೇಲೆ ನಡೆಸುವುದು ಒಳ್ಳೆಯದು.

ಎಷ್ಟು ಜಾಗ ಬೇಕು?

ಗಣಕಯಂತ್ರ ಧ್ವನಿಯನ್ನು ಅಂಕಿಗಳಾಗಿ ಬರೆದುಕೊಳ್ಳುತ್ತದೆ. 1982ರಲ್ಲಿ ಬಂದ ಸಿ.ಡಿ.ಯ ಲೆಕ್ಕದಂತೆ ಒಂದು ಸೆಕೆಂಡಿಗೆ 44,100 ಸಲ ಧ್ವನಿಯ ಎತ್ತರವನ್ನು ಅಳೆದು ಬರೆಯುವುದು ವಾಡಿಕೆ. ಈ ಪ್ರಕಾರ ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 635 ಮೆಗಾಬೈಟ್ ಜಾಗ ಬೇಕು. 42 ಕ್ಯಾಸೆಟ್ಟಿಗೆ ಸುಮಾರು 27 ಗಿಗಾಬೈಟ್. ಫ್ಲಾಕ್ ಎಂಬ ಪದ್ಧತಿಯಲ್ಲಿ ಇಟ್ಟರೆ ಒಂದಕ್ಷರವೂ ನಷ್ಟವಾಗದೆ ಇದು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಂ.ಪಿ.3 ಪದ್ಧತಿ ಇನ್ನೂ ಕಡಿಮೆ ಜಾಗ ಹಿಡಿಯುತ್ತದೆ, ಆದರೆ ಅದು ಕಿವಿಗೆ ಬೇಡವೆಂದು ತಾನೇ ತೀರ್ಮಾನಿಸಿದ ಭಾಗವನ್ನು ಬಿಟ್ಟುಬಿಡುತ್ತದೆ; ಬಿಟ್ಟದ್ದು ಮರಳಿ ಬಾರದು. ಆದ್ದರಿಂದ ಮೂಲ ಪ್ರತಿಯನ್ನು ಫ್ಲಾಕ್‌ನಲ್ಲಿ ಇಟ್ಟು, ಮೊಬೈಲಿಗೆ ಕಳಿಸಲು ಬೇಕಾದರೆ ಎಂ.ಪಿ.3 ಪ್ರತಿ ಮಾಡಿಕೊಳ್ಳುವುದು ಯೋಗ್ಯ. ಇಡೀ ಟ್ರಂಕು ಈಗ ಹೆಬ್ಬೆರಳಿನಷ್ಟು ದೊಡ್ಡ ಪೆನ್ ಡ್ರೈವಿನಲ್ಲಿ ಹಿಡಿಸಿದೆ.

ಇಲ್ಲಿ ಒಂದು ಎಚ್ಚರ. ಟೇಪಿನ ಸುಯ್ಯೆಂಬ ಸದ್ದನ್ನು ತೆಗೆಯುವ ಉಪಾಯ ಈ ತಂತ್ರಾಂಶಗಳಲ್ಲಿದೆ. ಮೊಮ್ಮಗ ಉತ್ಸಾಹದಿಂದ ಅವ್ವನ ಕ್ಯಾಸೆಟ್ಟಿಗೆ ಅದನ್ನು ಪೂರ್ಣ ಬಳಸಿದ. ಸುಯ್ಯೆಂಬುದರ ಜೊತೆಗೆ ಬೀಸುವ ಕಲ್ಲಿನ ಸದ್ದೂ ಹೋಯಿತು, ಅವ್ವನ ಉಸಿರೂ ಹೋಯಿತು. ನೀರಿನೊಳಗಿನಿಂದ ಯಾರೋ ಹಾಡಿದಂತಾಯಿತು. ಮೂಲ ಪ್ರತಿ ಬೇರೆಯಿದ್ದುದರಿಂದ ಬದುಕಿಕೊಂಡೆವು. ಶುದ್ಧಿ ಮಾಡುವುದಿದ್ದರೆ ನಕಲಿನ ಮೇಲೆ ಮಾಡಬೇಕು, ಅದೂ ಹಿತಮಿತವಾಗಿ. ಹಾಗೆಯೇ ಅವ್ವ ಹಾಡಿದ ಒಂದೆರಡು ಪದಗಳು ಅಚ್ಚಿನ ಪುಸ್ತಕದ ಪಾಠಕ್ಕೆ ಹೊಂದುವುದಿಲ್ಲ. ಅವನ್ನು ಕತ್ತರಿಸಲು ನಮಗೆ ಅಧಿಕಾರವಿಲ್ಲ. ಬಾಯಿಂದ ಬಾಯಿಗೆ ಬಂದ ಪಾಠವೂ ಒಂದು ಪಾಠವೇ.

ಎರಡನೆಯ ಹೆಜ್ಜೆ: ಗಣಕಯಂತ್ರದಿಂದ ಪಡಸಾಲೆಗೆ

ಬಹಳ ಮನೆಗಳಲ್ಲಿ ಕೆಲಸ ಇಲ್ಲಿಗೇ ನಿಂತುಬಿಡುತ್ತದೆ. ಟ್ರಂಕಿನಲ್ಲಿದ್ದದ್ದು ಗಣಕಯಂತ್ರದಲ್ಲಿ ಮಲಗುತ್ತದೆ; ಕೇಳುವವರಿಲ್ಲ. ಗಣಕಯಂತ್ರದ ಒಳಗಿನ ಬೆರಳಗಲದ ಸ್ಪೀಕರಿನಲ್ಲಿ ತಬಲಾದ ಡಗ್ಗ ಕೇಳಿಸುವುದೇ ಇಲ್ಲ. ಆದ್ದರಿಂದ ಎರಡನೆಯ ಹೆಜ್ಜೆ ಮೊದಲನೆಯದಷ್ಟೇ ಮುಖ್ಯವಾದುದು. ಇದಕ್ಕೆ ಮೂರು ಮಾರ್ಗಗಳಿವೆ.

ಒಂದನೆಯದು, ನೇರ ತಂತಿ. ಸ್ಟ್ರೀಮರ್ ಇಲ್ಲದ ಮನೆಯಲ್ಲಿಯೂ ಇದು ಸಾಧ್ಯ. ಒಂದು ತುದಿಗೆ ಹೆಡ್‌ಫೋನ್ ಪಿನ್ನು, ಇನ್ನೊಂದು ತುದಿಗೆ ಕೆಂಪು ಮತ್ತು ಬಿಳಿ ಪಿನ್ನುಗಳಿರುವ ತಂತಿ ಎಲೆಕ್ಟ್ರಿಕ್ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ಆಂಪ್ಲಿಫಯರಿನಲ್ಲಿ ಆಕ್ಸ್ ಅಥವಾ ಸಿ.ಡಿ. ಎಂದು ಬರೆದಲ್ಲಿ ಇದನ್ನು ಜೋಡಿಸಬೇಕು. ಫೋನೋ ಎಂದು ಬರೆದ ಜಾಗ ಗ್ರಾಮಫೋನ್ ತಟ್ಟೆಯ ಯಂತ್ರಕ್ಕೆ ಮೀಸಲು, ಅಲ್ಲಿ ಜೋಡಿಸಬಾರದು. ಜೋಡಿಸುವ ಮೊದಲು ಆಂಪ್ಲಿಫಯರಿನ ಧ್ವನಿಯನ್ನು ಪೂರ್ಣ ಇಳಿಸಿ, ಆಮೇಲೆ ಮೆಲ್ಲಗೆ ಏರಿಸಬೇಕು.

ಈ ಮಾರ್ಗದಲ್ಲಿ ಕೆಲವೊಮ್ಮೆ ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಬಿಡದೆ ಬರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಸದ್ದು ನಿಂತರೆ ದೋಷ ಎರಡು ಯಂತ್ರಗಳ ಅರ್ಥಿಂಗ್ ನಡುವಿನದು. ಎರಡನ್ನೂ ಒಂದೇ ಬೋರ್ಡಿಗೆ ಜೋಡಿಸಿದರೆ ಎಷ್ಟೋ ವೇಳೆ ಸರಿಹೋಗುತ್ತದೆ. ಸದ್ದು ಹೋಗಲೆಂದು ಅರ್ಥ್ ಪಿನ್ನನ್ನು ಮುರಿಯುವವರಿದ್ದಾರೆ. ಅದು ಪ್ರಾಣಕ್ಕೆ ಅಪಾಯ.

ಎರಡನೆಯದು, ಯು.ಎಸ್.ಬಿ. ಮಾರ್ಗ. ನಮ್ಮ ಎರಡನೆಯ ದೊಡ್ಡ ತಪ್ಪು ಇಲ್ಲಿ ಆಯಿತು. ಸ್ಟ್ರೀಮರಿನ ಹಿಂದೆ ಒಂದು ಚಪ್ಪಟೆ ಯು.ಎಸ್.ಬಿ. ತೂತು ಇತ್ತು, ಗಣಕಯಂತ್ರದಲ್ಲಿಯೂ ಅಂಥದೇ ಇತ್ತು. ಎರಡಕ್ಕೂ ಹೊಂದುವ ತಂತಿಯನ್ನು ಹುಡುಕಿ ತಂದು ಜೋಡಿಸಿದೆವು. ಎರಡು ದಿನ ಹೆಣಗಿದರೂ ಸದ್ದಿಲ್ಲ. ಮಗನಿಗೆ ಫೋನ್ ಮಾಡಿದಾಗ ವಿಷಯ ತಿಳಿಯಿತು. ಸ್ಟ್ರೀಮರಿನ ಆ ತೂತು ಇರುವುದು ಪೆನ್ ಡ್ರೈವ್ ಅಥವಾ ಹಾರ್ಡ್ ಡಿಸ್ಕಿಗಾಗಿ. ಯು.ಎಸ್.ಬಿ. ಪದ್ಧತಿಯಲ್ಲಿ ಒಂದು ಯಂತ್ರ ಯಜಮಾನನಾಗಿದ್ದು ಇನ್ನೊಂದು ಅದರ ಮಾತು ಕೇಳಬೇಕು. ಅಲ್ಲಿ ಎರಡೂ ಯಜಮಾನರಾಗಿ ಕುಳಿತಿದ್ದವು, ಮಾತು ಹುಟ್ಟಲಿಲ್ಲ. ಹೀಗೆ ಜೋಡಿಸುವುದರಿಂದ ಯಂತ್ರಕ್ಕೆ ಹಾನಿಯೂ ಆಗಬಹುದು. ಕೆಲವು ಸ್ಟ್ರೀಮರುಗಳಲ್ಲಿ ಮಾತ್ರ ಗಣಕಯಂತ್ರಕ್ಕೆಂದೇ ಪ್ರತ್ಯೇಕ ತೂತು ಇರುತ್ತದೆ. ಅದು ಹೆಚ್ಚಾಗಿ ಚೌಕಾಕಾರದ್ದು, ಪ್ರಿಂಟರಿಗೆ ಇರುವಂಥದು. ಅದಿದ್ದರೆ ಒಂದೇ ತಂತಿಯಲ್ಲಿ ಕೆಲಸ ಮುಗಿಯುತ್ತದೆ. ಕೊಳ್ಳುವ ಮೊದಲೇ ಇದನ್ನು ವಿಚಾರಿಸಿಕೊಳ್ಳಬೇಕು.

ಮೂರನೆಯದು, ಮನೆಯೊಳಗಿನ ಜಾಲ. ಸ್ಟ್ರೀಮರ್ ಹುಟ್ಟಿರುವುದೇ ಇದಕ್ಕಾಗಿ. ಗಣಕಯಂತ್ರವನ್ನೂ ಸ್ಟ್ರೀಮರನ್ನೂ ಒಂದೇ ರೌಟರಿಗೆ ಸೇರಿಸಬೇಕು. ಗಣಕಯಂತ್ರದಲ್ಲಿ ಡಿ.ಎಲ್.ಎನ್.ಎ. ಪದ್ಧತಿಯಲ್ಲಿ ಹಾಡುಗಳನ್ನು ಹಂಚುವ ಉಚಿತ ತಂತ್ರಾಂಶವೊಂದನ್ನು ಹಾಕಿ, ಹಾಡುಗಳಿರುವ ಕಡತಕೋಶವನ್ನು ಅದಕ್ಕೆ ತೋರಿಸಬೇಕು. ಆಗ ಸ್ಟ್ರೀಮರ್ ಅದನ್ನು ತಾನೇ ಗುರುತಿಸುತ್ತದೆ. ಮೊಬೈಲಿನಲ್ಲಿ ಪಟ್ಟಿ ಕಾಣಿಸುತ್ತದೆ. ಬೇಕಾದುದನ್ನು ಮುಟ್ಟಿದರೆ ಪಡಸಾಲೆಯಲ್ಲಿ ಹಾಡು ಬರುತ್ತದೆ.

ನಮ್ಮ ಹಳ್ಳಿಗಳವರು ಮುಖ್ಯವಾಗಿ ತಿಳಿಯಬೇಕಾದ ಸಂಗತಿಯೊಂದಿದೆ. ಇದಕ್ಕೆ ಅಂತರಜಾಲ ಬೇಕಾಗಿಲ್ಲ. ಹಾಡು ಗಣಕಯಂತ್ರದಿಂದ ರೌಟರಿಗೆ, ರೌಟರಿನಿಂದ ಸ್ಟ್ರೀಮರಿಗೆ, ಹೀಗೆ ಮನೆಯೊಳಗೇ ಓಡಾಡುತ್ತದೆ. ಹೊರಗಿನ ಸಂಪರ್ಕ ನಾಲ್ಕು ದಿನ ಕಡಿದುಹೋದರೂ ಅವ್ವನ ಹಾಡು ನಿಲ್ಲದು. ಡೇಟಾ ಖರ್ಚೂ ಇಲ್ಲ. ಸಿ.ಡಿ. ಮಟ್ಟದ ಧ್ವನಿಗೆ ಬೇಕಾದ ವೇಗ ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್ ಮಾತ್ರ. ಆದರೆ ನಮ್ಮ ಭಾಗದ ದಪ್ಪ ಕಲ್ಲುಗೋಡೆಗಳನ್ನು ವೈಫೈ ದಾಟುವುದು ಕಷ್ಟ. ನಡುಮನೆಯಲ್ಲಿ ರೌಟರ್, ಪಡಸಾಲೆಯಲ್ಲಿ ಸ್ಟ್ರೀಮರ್ ಇದ್ದರೆ ಹಾಡು ತಡೆತಡೆದು ಬರುತ್ತದೆ. ಅಂಥಲ್ಲಿ ಲ್ಯಾನ್ ತಂತಿ ಎಳೆಯುವುದೇ ಲೇಸು. ಅದು 100 ಮೀಟರಿನವರೆಗೆ ತೊಂದರೆಯಿಲ್ಲದೆ ನಡೆಯುತ್ತದೆ.

ಗಣಕಯಂತ್ರ ಸ್ಟ್ರೀಮರಿಗೆ ಕಾಣಿಸದೇ ಹೋದರೆ ಗಾಬರಿ ಬೇಡ. ಎರಡೂ ಒಂದೇ ವೈಫೈ ಹೆಸರಿನಲ್ಲಿವೆಯೇ ಎಂದು ಮೊದಲು ನೋಡಬೇಕು. ಎರಡನೆಯದಾಗಿ, ಗಣಕಯಂತ್ರದ ಫೈರ್‌ವಾಲ್ ಎಂಬ ಕಾವಲುಗಾರ ಹೊಸಬರನ್ನು ಒಳಬಿಡದಿರಬಹುದು. ಮನೆಯ ಜಾಲವನ್ನು ಖಾಸಗಿ ಜಾಲವೆಂದು ಗುರುತಿಸಿ, ಹಾಡು ಹಂಚುವ ತಂತ್ರಾಂಶಕ್ಕೆ ಮಾತ್ರ ಅನುಮತಿ ಕೊಡಬೇಕು. ಕಾವಲನ್ನೇ ಪೂರ್ಣ ತೆಗೆಯಬಾರದು. ಮೂರನೆಯದಾಗಿ, ಗಣಕಯಂತ್ರ ಸ್ವಲ್ಪ ಹೊತ್ತು ಬಿಟ್ಟರೆ ತಾನೇ ನಿದ್ರೆಗೆ ಹೋಗುತ್ತದೆ, ಆಗ ಹಾಡು ನಡುವೆಯೇ ನಿಲ್ಲುತ್ತದೆ. ಆ ನಿದ್ರೆಯನ್ನು ತಪ್ಪಿಸುವ ವ್ಯವಸ್ಥೆ ಅದರಲ್ಲಿಯೇ ಇದೆ.

ಇಷ್ಟೆಲ್ಲ ತೊಡಕು ಬೇಡವೆನ್ನುವ ಹಿರಿಯರಿಗೆ ಒಂದು ಸುಲಭ ದಾರಿ: ಹಾಡುಗಳನ್ನು ಪೆನ್ ಡ್ರೈವಿಗೆ ತುಂಬಿ ಸ್ಟ್ರೀಮರಿನ ಆ ಚಪ್ಪಟೆ ತೂತಿಗೇ ಹಾಕಿಬಿಡುವುದು. ದಿನನಿತ್ಯದ ಪೂಜೆಯ ಹೊತ್ತಿಗೆ ನಾವು ಈಗ ಮಾಡುತ್ತಿರುವುದು ಇದನ್ನೇ. ಸ್ಟ್ರೀಮರ್ ಕೊಳ್ಳಲು ಅನುಕೂಲವಿಲ್ಲದವರೂ ಹಿಂಜರಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ 2012ರಲ್ಲಿ ಹೊರಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕಫಲಕಕ್ಕೆ ಉಚಿತ ತಂತ್ರಾಂಶ ಹಾಕಿ ಅದನ್ನೇ ಸ್ಟ್ರೀಮರ್ ಮಾಡಿಕೊಳ್ಳಬಹುದು. ಇಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಯಲ್ಲಿ ಇದು ಅವರಿಗೆ ಒಂದು ಒಳ್ಳೆಯ ಅಭ್ಯಾಸವೂ ಆದೀತು.

ಹೆಸರಿಡುವುದು, ಕಾಪಾಡುವುದು

ತುಂಬಿದ ಧ್ವನಿಗೆ ಹೆಸರಿಲ್ಲದಿದ್ದರೆ ಮುಂದಿನ ಪೀಳಿಗೆಗೆ ಅದು ಯಾರದೋ ಧ್ವನಿ. ಹಾಡಿದವರು, ಸ್ಥಳ, ವರ್ಷ, ಸಂದರ್ಭ, ಇವನ್ನು ಪ್ರತಿಯೊಂದಕ್ಕೂ ಬರೆಯಬೇಕು. ಕಡತಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದು; ಆದರೆ ಕೆಲವು ಸ್ಟ್ರೀಮರುಗಳ ಪುಟ್ಟ ಪರದೆ ಕನ್ನಡ ಅಕ್ಷರಗಳನ್ನು ತೋರಿಸದೆ ಚೌಕಗಳನ್ನು ತೋರಿಸುತ್ತದೆ. ಅದಕ್ಕಾಗಿ ಹೆಸರಿನ ಮೊದಲು 001, 002 ಎಂದು ಅಂಕಿ ಇಟ್ಟು, ಅದೇ ಅಂಕಿಯ ಪ್ರಕಾರ ಒಂದು ನೋಟುಪುಸ್ತಕದಲ್ಲಿ ವಿವರ ಬರೆದಿಟ್ಟಿದ್ದೇವೆ. ಕ್ಯಾಸೆಟ್ಟಿನ ಮೇಲಿನ ತಂದೆಯವರ ಕೈಬರಹದ ಚೀಟಿಗಳನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು ಜೊತೆಗಿಟ್ಟಿದ್ದೇವೆ. ಕೆಲವು ಕ್ಯಾಸೆಟ್ಟುಗಳಲ್ಲಿ ಹಾಡಿದವರು ಯಾರೆಂದು ನನಗೂ ತಿಳಿಯಲಿಲ್ಲ. ಊರಿನ ಹಿರಿಯರನ್ನು ಕರೆಸಿ ಕೇಳಿಸಿದಾಗ ಹಲವು ಹೆಸರುಗಳು ದೊರೆತವು. ಹತ್ತು ವರ್ಷ ಮೊದಲೇ ಕೇಳಿಸಿದ್ದರೆ ಎಲ್ಲ ಹೆಸರುಗಳೂ ದೊರೆಯುತ್ತಿದ್ದವೇನೋ.

ಒಂದೇ ಪ್ರತಿ ಇದ್ದರೆ ಇಲ್ಲದಂತೆಯೇ ಎಂದು ತಿಳಿಯಬೇಕು. ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಊರಿನಲ್ಲಿರಲಿ. ನಮ್ಮದು ಗಣಕಯಂತ್ರದಲ್ಲೊಂದು, ಪೆನ್ ಡ್ರೈವಿನಲ್ಲೊಂದು, ಬೆಂಗಳೂರಿನ ಮಗನ ಮನೆಯ ಹಾರ್ಡ್ ಡಿಸ್ಕಿನಲ್ಲೊಂದು. ಇಷ್ಟಾದ ಮೇಲೂ ಮೂಲ ಕ್ಯಾಸೆಟ್ಟನ್ನು ಎಸೆಯಬಾರದು. ಇನ್ನೊಂದು ಮಾತು: ಅಂಗಡಿಯಿಂದ ಕೊಂಡ ಕ್ಯಾಸೆಟ್ಟುಗಳಿಗೆ ಕೃತಿಸ್ವಾಮ್ಯವಿರುತ್ತದೆ. ಅವನ್ನು ಮನೆಯಲ್ಲಿ ಕೇಳಲು ಇಳಿಸಿಕೊಳ್ಳುವುದು ಬೇರೆ, ಹಂಚುವುದು ಮಾರುವುದು ಬೇರೆ. ಎರಡನೆಯದನ್ನು ಮಾಡಕೂಡದು.

ಶ್ರಾವಣದ ಒಂದು ಸೋಮವಾರ

ಎಲ್ಲವೂ ಸಿದ್ಧವಾದ ಮೇಲೆ ಶ್ರಾವಣದ ಒಂದು ಸೋಮವಾರ ಸಂಜೆ ಪೂಜೆ ಮುಗಿಸಿ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕುಳಿತೆವು. ಮೊಮ್ಮಗ ಮೊಬೈಲಿನಲ್ಲಿ 001 ಎಂಬುದನ್ನು ಮುಟ್ಟಿದ. ಮೊದಲು ಬೀಸುವ ಕಲ್ಲಿನ ಸದ್ದು, ಎಲ್ಲಿಯೋ ಕೋಳಿ ಕೂಗಿದ್ದು, ಆಮೇಲೆ ಅವ್ವನ ಧ್ವನಿ. ನನ್ನ ಸೊಸೆ ಅವ್ವನನ್ನು ಕಂಡವಳೇ ಅಲ್ಲ. ಕೇಳುತ್ತ ಕೇಳುತ್ತ, “ಮಾವನವರೇ, ಅತ್ತಿ ಜೋಗುಳ ಹಾಡೂದು ಇದೇ ದಾಟಿ ಅಲ್ರೀ?” ಎಂದಳು. ಹೌದು. ನನ್ನ ಪತ್ನಿ ಆ ದಾಟಿಯನ್ನು ಅವ್ವನಿಂದ ಕಲಿತದ್ದು, ಅದೇ ದಾಟಿ ಮೊಮ್ಮಕ್ಕಳನ್ನು ಮಲಗಿಸಿದ್ದು, ಅಲ್ಲಿಯವರೆಗೆ ನಮಗಾರಿಗೂ ಹೊಳೆದಿರಲಿಲ್ಲ. ಒಬ್ಬೊಬ್ಬರೇ ಕಿವಿಗೆ ತಂತಿ ಹಾಕಿಕೊಂಡು ಕೇಳಿದ್ದರೆ ಈ ಮಾತು ಹೊರಡುತ್ತಿರಲಿಲ್ಲ. ಕೊನೆಗೆ ತಂದೆಯವರ ನಾಲ್ಕು ನಿಮಿಷವನ್ನೂ ಕೇಳಿದೆವು. ಅದಕ್ಕೆ ಮೊದಲು ಏನಿತ್ತೆಂದು ಮೊಮ್ಮಗ ಕೇಳಿದ. ನಿಜವನ್ನೇ ಹೇಳಿದೆ.

ಫ. ಗು. ಹಳಕಟ್ಟಿಯವರು (1880–1964) ಮನೆಮನೆಯ ತಾಡೋಲೆಗಳನ್ನು ಅರಸಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಜಗುಲಿಯ ಮೇಲೆ ಪೂಜೆಗೊಂಡು, ಗೆದ್ದಲಿಗೂ ಆಹಾರವಾಗುತ್ತಿದ್ದ ಕಟ್ಟುಗಳನ್ನು ಅವರು ಬಿಚ್ಚಿಸದಿದ್ದರೆ ಇಂದು ನಾವು ಓದುವ ವಚನಗಳಲ್ಲಿ ಎಷ್ಟು ಉಳಿಯುತ್ತಿದ್ದವೋ ಬಲ್ಲವರಾರು? ಅವರದು ಮಹಾಕಾರ್ಯ, ನಮ್ಮದು ಒಂದು ಟ್ರಂಕಿನ ಕೆಲಸ. ಆದರೂ ಅಕ್ಷರಕ್ಕೆ ಅವರು ಮಾಡಿದ್ದನ್ನು ಧ್ವನಿಗೆ ಪ್ರತಿಯೊಂದು ಮನೆಯೂ ಮಾಡಿಕೊಳ್ಳಬಹುದು.

ಯಂತ್ರ ಕೊಳ್ಳುವುದು ಇಂದೇ ಆಗದಿದ್ದರೆ ಚಿಂತೆಯಿಲ್ಲ. ಈ ಸಂಚಿಕೆಯನ್ನು ಕೆಳಗಿಟ್ಟು ಟ್ರಂಕನ್ನು ತೆರೆಯಿರಿ. ಪ್ರತಿ ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ಕಿವಿಗಳಿರುತ್ತವೆ. ಅವೆರಡನ್ನೂ ಮುರಿದುಬಿಟ್ಟರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ಯಾರೂ ಅರಿಯದೆ ಬೇರೊಂದನ್ನು ತುಂಬಲಾರರು. ಬಳಿಕ ಅದನ್ನು ನೆರಳಿನಲ್ಲಿ, ಒಣ ಜಾಗದಲ್ಲಿ, ನೆಟ್ಟಗೆ ನಿಲ್ಲಿಸಿಡಿ. 1994ರಲ್ಲಿ ನಾನು ಮಾಡದೆ ಉಳಿದ ಕೆಲಸ ಅಷ್ಟೇ. ಅದಕ್ಕೆ ಬೇಕಾಗುವುದು ಒಂದು ಕ್ಷಣ.